ಅನುಮತಿ ಕೇಳದ ಸೆನ್ಸರ್‌ಗಳು: ಪ್ರಾತ್ಯಕ್ಷಿಕೆ ಕೊಡುತ್ತಾ ಕಲಿತದ್ದು

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಕೆಲವು ವರ್ಷಗಳಿಂದ ರಜಾದಿನಗಳಲ್ಲಿ ಪಿಯು ಕಾಲೇಜು, ತಾಲ್ಲೂಕು ಗ್ರಂಥಾಲಯ, ಸ್ವಸಹಾಯ ಸಂಘ, ನಿವೃತ್ತರ ಬಳಗ ಹೀಗೆ ಕರೆದಲ್ಲಿಗೆ ಹೋಗಿ ಒಂದು ಪ್ರಾತ್ಯಕ್ಷಿಕೆ ಕೊಡುತ್ತೇನೆ. ಸರಂಜಾಮು ಹೆಚ್ಚೇನಿಲ್ಲ. ಒಂದು ಸಾಧಾರಣ ಆಂಡ್ರಾಯ್ಡ್ ಫೋನು, ಲ್ಯಾಪ್‌ಟಾಪು, ಪ್ರೊಜೆಕ್ಟರ್. ಫೋನಿನೊಳಗಿನ ಸೆನ್ಸರ್‌ಗಳು ಬರೆದಿಟ್ಟ ಅಂಕಿಗಳನ್ನು ಪರದೆಗೆ ಹಾಕುತ್ತೇನೆ. ಆ ಫೋನಿನ ಮಾಲೀಕ ಎಲ್ಲಿದ್ದ, ಏನು ಮಾಡುತ್ತಿದ್ದ ಎಂಬುದನ್ನು ಸಭಿಕರಿಂದಲೇ ಹೇಳಿಸುತ್ತೇನೆ. ಇಂಥದ್ದನ್ನೇ ತಮ್ಮೂರಿನಲ್ಲಿ ಮಾಡಬೇಕೆಂದಿರುವ ಮೇಷ್ಟರುಗಳೂ ವಿದ್ಯಾರ್ಥಿಗಳೂ ಎಲ್ಲಿಂದ ಶುರು ಮಾಡೋದು ಎಂದು ಕೇಳುತ್ತಿರುತ್ತಾರೆ. ಈ ಬರಹ ಅವರಿಗಾಗಿ.

1. ಜಿಪಿಎಸ್ ಬದಿಗಿಟ್ಟು ಶುರು ಮಾಡಿ

ಲೊಕೇಶನ್, ಕ್ಯಾಮೆರಾ, ಮೈಕ್ ಈ ಮೂರರ ಸಂಗತಿ ಎಲ್ಲರಿಗೂ ಗೊತ್ತು. ಆ್ಯಪ್ ಅನುಮತಿ ಕೇಳುತ್ತದೆ, ಜನ ‘ಅಲೋ’ ಒತ್ತುತ್ತಾರೆ, ಮುಂದೆ ಹೋಗುತ್ತಾರೆ. ಮ್ಯಾಪಿನ ಮೇಲೆ ನಿಮ್ಮ ಓಡಾಟದ ಗೆರೆ ತೋರಿಸಿದರೆ ‘ಓ, ಇದಾ’ ಎಂದು ಸುಮ್ಮನಾಗುತ್ತಾರೆ. ಅವರನ್ನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸುವುದು ಅನುಮತಿಯನ್ನೇ ಕೇಳದ ಸೆನ್ಸರ್‌ಗಳು.

ನಾನು ಬಳಸುವುದು ಫೈಫಾಕ್ಸ್ ಎಂಬ ಉಚಿತ ಆ್ಯಪ್. ಜರ್ಮನಿಯ ಆಖೆನ್‌ನಲ್ಲಿರುವ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದ ಭೌತಶಾಸ್ತ್ರದವರು 2016ರಲ್ಲಿ ಹೊರತಂದದ್ದು. ಅವರ ಉದ್ದೇಶ ಭೌತಶಾಸ್ತ್ರದ ಪ್ರಯೋಗಗಳನ್ನು ಫೋನಿನಲ್ಲೇ ಮಾಡಿಸುವುದು. ನನ್ನ ಉದ್ದೇಶ ಸ್ವಲ್ಪ ಬೇರೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಆಕ್ಸಿಲರೋಮೀಟರ್ ತೆರೆಯುತ್ತೇನೆ. ಝಡ್ ಅಕ್ಷದ ಗೆರೆ 9.8ರ ಆಸುಪಾಸಿನಲ್ಲಿ ನೆಟ್ಟಗೆ ಓಡುತ್ತದೆ. ಅದು ಭೂಮಿಯ ಗುರುತ್ವ, ಪಿಯು ಹುಡುಗರಿಗೆ ಹೇಳಬೇಕಾಗಿಯೇ ಇಲ್ಲ. ಮೇಜಿನ ಇನ್ನೊಂದು ತುದಿಯನ್ನು ಬೆರಳಿನಿಂದ ಕುಟ್ಟಿದರೆ ಗೆರೆ ಜಿಗಿಯುತ್ತದೆ. ಯಾರಾದರೊಬ್ಬರು ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು ವೇದಿಕೆಯ ಮೇಲೆ ನಡೆದರೆ ಹೆಜ್ಜೆ ಹೆಜ್ಜೆಗೂ ಒಂದೊಂದು ಉಬ್ಬು. ಅದೇ ವೈಫೈಯಲ್ಲಿರುವ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಇದೆಲ್ಲ ನೇರವಾಗಿ ಕಾಣುವ ಸೌಲಭ್ಯ ಆ ಆ್ಯಪ್‌ನಲ್ಲೇ ಇದೆ. ಈಗ ಸಭೆಯನ್ನು ಕೇಳಿ: ಇಷ್ಟು ಹೊತ್ತು ಈ ಆ್ಯಪ್ ನಮ್ಮನ್ನು ಏನಾದರೂ ಕೇಳಿತಾ?

ಕೇಳಿಲ್ಲ. ಆಂಡ್ರಾಯ್ಡ್‌ನಲ್ಲಿ ಆಕ್ಸಿಲರೋಮೀಟರ್, ತಿರುವನ್ನು ಅಳೆಯುವ ಜೈರೋಸ್ಕೋಪ್, ದಿಕ್ಸೂಚಿಯ ಮ್ಯಾಗ್ನೆಟೋಮೀಟರ್, ಗಾಳಿಯ ಒತ್ತಡದ ಬ್ಯಾರೋಮೀಟರ್, ಬೆಳಕಿನ ಸೆನ್ಸರ್ ಇವು ಯಾವುದಕ್ಕೂ ಬಳಕೆದಾರರ ಮುಂದೆ ಅನುಮತಿಯ ಪೆಟ್ಟಿಗೆ ಮೂಡುವುದಿಲ್ಲ. 2021ರ ಆಂಡ್ರಾಯ್ಡ್ 12ರಿಂದ ಚಲನೆಯ ಸೆನ್ಸರ್‌ಗಳಿಗೆ ಒಂದು ಮಿತಿ ಬಂತು: ಸೆಕೆಂಡಿಗೆ 200 ಸಲಕ್ಕಿಂತ ಹೆಚ್ಚು ಓದಬೇಕೆಂದರೆ ಆ್ಯಪ್ ಮಾಡಿದವರು ಅದನ್ನು ಮೊದಲೇ ಘೋಷಿಸಿಕೊಂಡಿರಬೇಕು. ಹಾಗೆ ಘೋಷಿಸಿಕೊಂಡರೂ ನಿಮ್ಮನ್ನೇನೂ ಕೇಳುವುದಿಲ್ಲ. ಹೆಜ್ಜೆ ಎಣಿಸುವ ಸೆನ್ಸರ್‌ಗೆ ಮಾತ್ರ 2019ರ ಆಂಡ್ರಾಯ್ಡ್ 10ರಿಂದ ಅನುಮತಿ ಬೇಕು. ವಿಚಿತ್ರ ನೋಡಿ, ಎಣಿಸಿದ ಹೆಜ್ಜೆಗೆ ಅನುಮತಿ ಬೇಕು, ಹೆಜ್ಜೆ ಎಣಿಸಲು ಸಾಕಾಗುವ ಕಚ್ಚಾ ಅಂಕಿಗಳಿಗೆ ಬೇಡ. ಐಫೋನಿನವರೂ ಬೀಗಬೇಕಿಲ್ಲ, ಅಲ್ಲೂ ಕತೆ ಹೆಚ್ಚು ಕಡಿಮೆ ಹೀಗೇ. ವೆಬ್‌ಸೈಟುಗಳ ವಿಷಯದಲ್ಲಿ ಮಾತ್ರ ಆ್ಯಪಲ್ ಬಿಗಿ ಮಾಡಿದೆ: 2019ರ ಐಒಎಸ್ 13ರಿಂದ ಸಫಾರಿಯಲ್ಲಿ ತೆರೆದ ಪುಟ ಚಲನೆಯ ಅಂಕಿ ಓದಬೇಕಾದರೆ ಕೇಳಲೇಬೇಕು. ಆಂಡ್ರಾಯ್ಡ್‌ನ ಕ್ರೋಮ್ ಕೇಳದೆಯೇ ಕೊಡುತ್ತದೆ, ಸೆಕೆಂಡಿಗೆ 60ರ ಮಿತಿಯಲ್ಲಿ.

2. ಊರಿನವರಿಗೆ ಊರಿನ ದಾರಿಯನ್ನೇ ತೋರಿಸಿ

ನನ್ನ ಬಳಿ ಇರುವ ರೆಕಾರ್ಡಿಂಗ್‌ಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ತೀರ್ಥಹಳ್ಳಿಯಿಂದ ಹೆಬ್ರಿಗೆ ಇಳಿದಾಗಿನದು. ಲೊಕೇಶನ್ ಆಫ್, ಸಿಮ್ ತೆಗೆದಿಟ್ಟದ್ದು, ವೈಫೈ ಇಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಫೋನನ್ನು ಅಂಗಾತ ಅಂಟಿಸಿ ಬ್ಯಾರೋಮೀಟರನ್ನೂ ಜೈರೋಸ್ಕೋಪನ್ನೂ ಓಡಲು ಬಿಟ್ಟಿದ್ದೆ, ಅಷ್ಟೆ.

ಪರದೆಯ ಮೇಲೆ ಮೊದಲು ಒತ್ತಡದ ಗೆರೆ ಹಾಕುತ್ತೇನೆ. ತುಂಬ ಹೊತ್ತು 940 ಹೆಕ್ಟೊಪಾಸ್ಕಲ್‌ನ ಆಚೀಚೆ ಏರಿಳಿಯುತ್ತಾ ಇದ್ದದ್ದು ಒಂದು ಜಾಗಕ್ಕೆ ಬಂದ ಕೂಡಲೇ ಏರತೊಡಗಿ ಸಾವಿರದ ಹತ್ತಿರ ಹೋಗಿ ನಿಲ್ಲುತ್ತದೆ. ಒತ್ತಡ ಏರಿದರೆ ನಾವು ಇಳಿಯುತ್ತಿದ್ದೇವೆ ಎಂದರ್ಥ. ಸುಮಾರು ಎಂಟೂವರೆ ಮೀಟರಿಗೆ ಒಂದು ಹೆಕ್ಟೊಪಾಸ್ಕಲ್ ಎಂದು ಲೆಕ್ಕ ಹಾಕಿದರೆ ಐನೂರು ಮೀಟರಿಗೂ ಮಿಕ್ಕಿದ ಇಳಿಜಾರು, ಅದೂ ಕೆಲವೇ ನಿಮಿಷಗಳಲ್ಲಿ. ‘ಘಾಟಿ’ ಎಂದು ಮುಂದಿನ ಸಾಲಿನವರು ಹೇಳುತ್ತಾರೆ. ಯಾವ ಘಾಟಿ? ಶಿರಾಡಿ, ಚಾರ್ಮಾಡಿ, ಹುಲಿಕಲ್ ಹೀಗೆ ಒಬ್ಬೊಬ್ಬರದು ಒಂದೊಂದು.

ಆಮೇಲೆ ಅದರ ಕೆಳಗೆ ಜೈರೋಸ್ಕೋಪಿನ ಗೆರೆ. ಕಾರು ಎಡಕ್ಕೆ ತಿರುಗಿದರೆ ಮೇಲಕ್ಕೆ, ಬಲಕ್ಕೆ ತಿರುಗಿದರೆ ಕೆಳಕ್ಕೆ. ಸಾಧಾರಣ ತಿರುವಿಗೆ ಸಣ್ಣ ಉಬ್ಬು ಬಂದು ಹೋಗುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಗಾಡಿ ಎರಡನೇ ಗೇರಿಗೆ ಇಳಿದು ಮೆಲ್ಲಗೆ ಸುತ್ತುತ್ತದಲ್ಲ, ಆಗ ಉಬ್ಬು ಅಗಲವಾಗುತ್ತದೆ; ಅದರಡಿಯ ವಿಸ್ತೀರ್ಣ ಕೂಡಿದರೆ 180 ಡಿಗ್ರಿಯ ಹತ್ತಿರ ಬರುತ್ತದೆ. ಈ ಅಗಲದ ಉಬ್ಬುಗಳನ್ನು ಸಭೆಯಿಂದಲೇ ಜೋರಾಗಿ ಎಣಿಸಲು ಹೇಳಿ. ಮೇಲೊಂದು, ಕೆಳಗೊಂದು, ಮೇಲೊಂದು, ಹೀಗೆ ಹದಿನಾಲ್ಕಕ್ಕೆ ಬಂದು ನಿಲ್ಲುತ್ತದೆ. ಮಲೆನಾಡಿನಲ್ಲಾಗಲಿ ಉಡುಪಿ ಕಡೆಯಲ್ಲಾಗಲಿ ಈ ಪ್ರಾತ್ಯಕ್ಷಿಕೆ ಕೊಟ್ಟರೆ ಎಣಿಕೆ ಮುಗಿಯುವ ಮುನ್ನವೇ ಹಿಂದಿನಿಂದ ಯಾರೋ ‘ಆಗುಂಬೆ’ ಎಂದು ಕೂಗಿಬಿಡುತ್ತಾರೆ. ಆಮೇಲೆ ನಾನು ವಿವರಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಒತ್ತಡವೊಂದೇ ಇದ್ದರೆ ನಾಲ್ಕಾರು ಘಾಟಿಗಳಲ್ಲಿ ಯಾವುದೂ ಆಗಬಹುದಿತ್ತು. ತಿರುವುಗಳು ಮಾತ್ರ ಇದ್ದರೂ ಹಾಗೆಯೇ. ಎರಡೂ ಸೇರಿ ರಸ್ತೆಯ ನಕ್ಷೆಯ ಮೇಲೆ ಕೂತಾಗ ಉಳಿಯುವುದು ಒಂದೇ ರಸ್ತೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ‘ಪಿನ್‌ಮಿ’ ಎಂಬ ಹೆಸರಿನಲ್ಲಿ ತೋರಿಸಿದ್ದು ಇದನ್ನೇ: ಜಿಪಿಎಸ್ ಮುಟ್ಟದೆ, ಫೋನಿನ ಸೆನ್ಸರ್‌ಗಳು, ಟೈಮ್‌ಝೋನ್, ಸಾರ್ವಜನಿಕ ನಕ್ಷೆಗಳನ್ನು ಜೋಡಿಸಿ ಮನುಷ್ಯ ಹೋದ ದಾರಿಯನ್ನು ಕಂಡುಹಿಡಿಯುವುದು. ಪ್ರಿನ್ಸ್‌ಟನ್ ಹೆಸರು ಹೇಳಿದರೆ ಸಭೆ ತಲೆಯಾಡಿಸುತ್ತದೆ. ಆಗುಂಬೆ ತೋರಿಸಿದರೆ ತನ್ನ ಜೇಬಿನ ಫೋನನ್ನು ಮುಟ್ಟಿ ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಬ್ಯಾರೋಮೀಟರ್ ಇರುವುದಿಲ್ಲ, ಕೆಲವದರಲ್ಲಿ ಜೈರೋಸ್ಕೋಪೂ ಇರುವುದಿಲ್ಲ. ಹೊರಡುವ ಮೊದಲು ನೋಡಿಕೊಳ್ಳಿ. ಇದನ್ನು ಸಭೆಗೂ ಹೇಳಿ, ಯಾಕೆಂದರೆ ಅಗ್ಗದ ಫೋನಿನವರು ಈ ಒಂದು ವಿಷಯದಲ್ಲಿ ಅದೃಷ್ಟವಂತರು.

3. ಬೆಂಗಳೂರಿನವರಿಗಾದರೆ ಮೆಟ್ರೊ

ಬೆಂಗಳೂರಿನ ಸಭೆಗೆ ಘಾಟಿ ಅಷ್ಟು ತಾಗುವುದಿಲ್ಲ. ಅಲ್ಲಿಗೆ ನಮ್ಮ ಮೆಟ್ರೊದ ನೇರಳೆ ಮಾರ್ಗದ ರೆಕಾರ್ಡಿಂಗ್ ಒಯ್ಯುತ್ತೇನೆ. ಕಬ್ಬನ್ ಪಾರ್ಕಿನಿಂದ ಮೆಜೆಸ್ಟಿಕ್ ದಾಟುವವರೆಗೆ ರೈಲು ನೆಲದಡಿ ಓಡುತ್ತದೆ, ಜಿಪಿಎಸ್ ಅಲ್ಲಿ ಕುರುಡು. ಆಕ್ಸಿಲರೋಮೀಟರಿಗೆ ಉಪಗ್ರಹದ ಹಂಗಿಲ್ಲ. ರೈಲು ಹೊರಟಾಗ ಒಂದು ಕಡೆಗೆ ತಳ್ಳು, ನಿಲ್ಲುವಾಗ ಇನ್ನೊಂದು ಕಡೆಗೆ, ಮಧ್ಯೆ ಓಟ. ನಿಲ್ದಾಣ ನಿಲ್ದಾಣದ ನಡುವಿನ ಅಂತರ ಒಂದೇ ಸಮ ಇರುವುದಿಲ್ಲವಾದ್ದರಿಂದ ಆ ಓಟದ ಸಮಯಗಳ ಸಾಲು ಮಾರ್ಗದ ಗುರುತಾಗುತ್ತದೆ. ಒಂದೆರಡು ನಿಲ್ದಾಣ ಸಾಲದು, ನಾಲ್ಕೈದು ದಾಟಿದರೆ ಹತ್ತಿದ್ದೆಲ್ಲಿ ಇಳಿದದ್ದೆಲ್ಲಿ ಎಂಬುದು ಹೆಚ್ಚುಕಡಿಮೆ ತೀರ್ಮಾನವಾಗುತ್ತದೆ. ಚೀನಾದ ನಾನ್‌ಜಿಂಗ್‌ನ ಸಂಶೋಧಕರು 2015ರಲ್ಲಿ ಇದನ್ನೇ ಅಲ್ಲಿನ ಮೆಟ್ರೊದಲ್ಲಿ ಮಾಡಿ ತೋರಿಸಿದ್ದರು.

ರಸ್ತೆಗುಂಡಿಗಳದೂ ಒಂದು ಒಳ್ಳೆಯ ವಿಷಯ. ಬೆಂಗಳೂರಿನ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದವರು 2008ರಲ್ಲೇ ‘ನೆರಿಸೆಲ್’ ಎಂಬ ಯೋಜನೆಯಲ್ಲಿ ಆಕ್ಸಿಲರೋಮೀಟರ್, ಮೈಕ್, ಜಿಪಿಎಸ್ ಸೇರಿಸಿ ನಗರದ ಗುಂಡಿ, ಹಂಪು, ಬ್ರೇಕು, ಹಾರನ್ನುಗಳನ್ನು ಪತ್ತೆ ಮಾಡಿದ್ದರು. ಫೋನು ಜೇಬಿನಲ್ಲಿ ಹೇಗೆ ಸೊಟ್ಟಗೆ ಬಿದ್ದಿದ್ದರೂ ಲೆಕ್ಕದಲ್ಲೇ ಅದನ್ನು ನೆಟ್ಟಗೆ ಮಾಡಿಕೊಳ್ಳುವ ಉಪಾಯವೂ ಅದರಲ್ಲಿತ್ತು. ‘ನನ್ನ ಫೋನು ಪ್ಯಾಂಟಿನ ಜೇಬಲ್ಲಿರುತ್ತೆ, ಡ್ಯಾಶ್‌ಬೋರ್ಡ್ ಮೇಲಲ್ಲ’ ಎಂದು ವಾದಿಸುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

4. ಏನೂ ನಡೆಯದ ರಾತ್ರಿಯನ್ನು ರೆಕಾರ್ಡ್ ಮಾಡಿ

ಪ್ರಯಾಣದ ಗ್ರಾಫ್ ರೋಚಕ. ಆದರೆ ಜನರನ್ನು ಮುಜುಗರಕ್ಕೆ ಹಚ್ಚುವುದು ಮನೆಯೊಳಗಿನ ಗ್ರಾಫ್. ನನ್ನದೇ ಫೋನಿನ ಒಂದು ರಾತ್ರಿ ಮತ್ತು ಬೆಳಗ್ಗೆಯ ದಾಖಲೆಯನ್ನು ಹಾಕುತ್ತೇನೆ. ಬೆಳಕಿನ ಸೆನ್ಸರ್ ಸೊನ್ನೆಗೆ ಇಳಿಯುತ್ತದೆ, ಆಕ್ಸಿಲರೋಮೀಟರ್ ನಿಶ್ಚಲ. ನಡುರಾತ್ರಿ ಒಮ್ಮೆ ಫೋನು ಎತ್ತಿ ನೋಡಿ ಇಟ್ಟ ಗುರುತು. ಬೆಳಿಗ್ಗೆ ಎದ್ದ ಸಮಯ. ಆಮೇಲೆ ಫೋನು ಅಡುಗೆಮನೆಯ ಕಟ್ಟೆ ಮೇಲೆ ಹೋಗಿ ಕೂತಿದೆ, ಅದೂ ಗೊತ್ತಾಗುತ್ತದೆ: ಕಟ್ಟೆ ನಡುಗಿದ್ದು ಫೋನಿಗೂ ತಲುಪಿದೆ. ತುಂಡು ತುಂಡಾಗಿ ಹತ್ತಿಪ್ಪತ್ತು ಸೆಕೆಂಡು ಬಂದು ನಿಂತದ್ದು ಚಟ್ನಿಯ ಮಿಕ್ಸಿ. ಮತ್ತೊಂದು ದಿನದ ದಾಖಲೆಯಲ್ಲಿ ಅರ್ಧ ಗಂಟೆ ಒಂದೇ ಸಮ ಎಳೆದದ್ದು ದೋಸೆಹಿಟ್ಟಿನ ಗ್ರೈಂಡರ್. ಇದನ್ನು ಗಂಡಸರ ಸಭೆ ಊಹಿಸುವುದಿಲ್ಲ, ಹೆಂಗಸರು ನೋಡಿದ ಕೂಡಲೇ ಹೇಳುತ್ತಾರೆ.

ಮಲಗಿದ್ದು, ಎದ್ದದ್ದು, ಮನೆಯಲ್ಲಿ ಇದ್ದದ್ದು, ಇಲ್ಲದ್ದು. ಮೈಕ್ ಇಲ್ಲ, ಕ್ಯಾಮೆರಾ ಇಲ್ಲ, ಲೊಕೇಶನ್ ಇಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಹೇಳಲೇಬೇಕಾದ ಒಂದು ಮಾತಿದೆ. 2018ರ ಆಂಡ್ರಾಯ್ಡ್ 9ರಿಂದ, ಹಿನ್ನೆಲೆಗೆ ಸರಿದ ಆ್ಯಪ್ ಈ ಸೆನ್ಸರ್‌ಗಳನ್ನು ಸುಮ್ಮಸುಮ್ಮನೆ ಓದುವಂತಿಲ್ಲ. ರಾತ್ರಿಯಿಡೀ ಓದಬೇಕೆಂದರೆ ಮೇಲ್ಗಡೆ ನೋಟಿಫಿಕೇಶನ್ ಪಟ್ಟಿಯಲ್ಲಿ ತನ್ನ ಗುರುತು ತೋರಿಸುತ್ತಲೇ ಇರಬೇಕು. ನನ್ನ ರೆಕಾರ್ಡಿಂಗಿನಲ್ಲೂ ಆ ಗುರುತು ಇತ್ತು. ಆದರೆ ಮ್ಯೂಸಿಕ್, ವಾಕಿಂಗ್, ಡೆಲಿವರಿ, ಟ್ಯಾಕ್ಸಿ ಆ್ಯಪ್‌ಗಳು ಹೇಗೂ ಆ ಪಟ್ಟಿಯಲ್ಲಿ ಕೂತೇ ಇರುತ್ತವೆ, ಅದನ್ನು ಯಾರು ನೋಡುತ್ತಾರೆ?

5. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ

ತಾಂತ್ರಿಕ ವಿವರ ಚುಟುಕಾಗಿ. ಸೆಕೆಂಡಿಗೆ 200 ಸಲ ಮೂರು ಅಕ್ಷಗಳನ್ನು ಓದಿದರೆ ಒಂದು ಗಂಟೆಗೆ 21.6 ಲಕ್ಷ ಅಂಕಿಗಳಾಗುತ್ತವೆ; ಕಾಲೇಜಿನ ಹಳೆಯ ಕಂಪ್ಯೂಟರಿನ ಎಕ್ಸೆಲ್ ಅಲ್ಲೇ ಉಸಿರು ಬಿಡುತ್ತದೆ. ನಡಿಗೆ, ವಾಹನ, ನಿದ್ದೆಗೆ 50 ಧಾರಾಳ ಸಾಕು, ಒತ್ತಡಕ್ಕೆ ಸೆಕೆಂಡಿಗೆ ಒಂದಾದರೂ ನಡೆಯುತ್ತದೆ. ಎರಡು ಫೋನು ಬಳಸುವುದಾದರೆ ಶುರುವಿನಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ಮೂರು ಸಲ ತಟ್ಟಿ, ಆಮೇಲೆ ಎರಡೂ ಗ್ರಾಫುಗಳನ್ನು ಆ ಮೂರು ಮೊನೆಗಳ ಮೇಲೆ ಜೋಡಿಸಬಹುದು. ಬ್ಯಾಟರಿ ಉಳಿಸುವ ಮೋಡ್ ಆಫ್ ಮಾಡಿ, ಇಲ್ಲದಿದ್ದರೆ ಫೋನು ಅರ್ಧದಲ್ಲೇ ಆ್ಯಪನ್ನು ಕೊಂದುಹಾಕುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನೋಟ್‌ಬುಕ್. ಎಷ್ಟು ಗಂಟೆಗೆ ಹೊರಟೆ, ಎಲ್ಲಿ ಚಹಾಕ್ಕೆ ನಿಂತೆ, ಯಾವಾಗ ಫೋನು ಕೈಗೆತ್ತಿಕೊಂಡೆ ಎಂದು ಪೆನ್ನಿನಲ್ಲಿ ಬರೆದಿಡಬೇಕು. ನಿಜವಾಗಿ ನಡೆದದ್ದು ಗೊತ್ತಿದ್ದರೆ ಮಾತ್ರ ಗ್ರಾಫ್ ಹೇಳಿದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದು. ನೋಟ್‌ಬುಕ್ ಇಲ್ಲದ ಗ್ರಾಫಿನಲ್ಲಿ ಬೇಕಾದ್ದನ್ನೆಲ್ಲ ಕಾಣಬಹುದು, ಜಾತಕದ ಹಾಗೆ.

6. ‘ಮಾಡಬಹುದು’ ಬೇರೆ, ‘ಮಾಡುತ್ತಿದ್ದಾರೆ’ ಬೇರೆ

ಪ್ರತಿ ಸಭೆಯಲ್ಲೂ ಒಬ್ಬರು ಎದ್ದು ನಿಂತು ಹೇಳುವ ಮಾತು: ‘ಸರ್, ಮೊನ್ನೆ ಮನೇಲಿ ಫ್ರಿಜ್ ಬಗ್ಗೆ ಮಾತಾಡ್ತಾ ಇದ್ವಿ, ಸಂಜೆ ಹೊತ್ತಿಗೆ ಫೋನಲ್ಲಿ ಫ್ರಿಜ್ ಜಾಹೀರಾತು. ಮೈಕ್ ಕೇಳಿಸ್ಕೊಳ್ತಾ ಇದೆ.’ ಹೌದು ಎಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ. ನಾನು ಹೌದು ಎನ್ನುವುದಿಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ತಂಡವೊಂದು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಗುಟ್ಟಾಗಿ ಮೈಕ್ ತೆರೆದು ಮಾತನ್ನು ಹೊರಗೆ ಕಳಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಇನ್ನೊಂದು: ಕೆಲವು ಆ್ಯಪ್‌ಗಳು ಬಳಕೆದಾರರ ಪರದೆಯನ್ನೇ ಚಿತ್ರವಾಗಿ, ವೀಡಿಯೊವಾಗಿ ಹಿಡಿದು ಮೂರನೆಯವರಿಗೆ ರವಾನಿಸುತ್ತಿದ್ದವು. ಫ್ರಿಜ್ ಜಾಹೀರಾತಿಗೆ ನೀವು ಹುಡುಕಿದ್ದು, ಮನೆಯ ಇನ್ನೊಬ್ಬರು ಅದೇ ವೈಫೈಯಲ್ಲಿ ನೋಡಿದ್ದು, ಖರೀದಿಯ ಹಿಂದಿನ ದಾಖಲೆ ಇಷ್ಟೇ ಸಾಕು.

ಪ್ರಯೋಗಾಲಯದ ಫಲಿತಾಂಶಗಳನ್ನು ಹೇಳುವಾಗಲೂ ಇದೇ ಬಿಗಿ ಬೇಕು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2017ರಲ್ಲಿ, ಬ್ರೌಸರ್‌ನಲ್ಲಿ ತೆರೆದ ಒಂದು ಪುಟ ಫೋನಿನ ಅಲುಗಾಟವನ್ನು ಓದಿ ನಾಲ್ಕಂಕಿಯ ಪಿನ್ನನ್ನು ಮೊದಲ ಊಹೆಯಲ್ಲೇ ಶೇ. 70ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಬಲ್ಲದು ಎಂದು ತೋರಿಸಿದರು. ಪತ್ರಿಕೆಗಳಲ್ಲಿ ಅಷ್ಟೇ ಬಂತು. ಆ ಪ್ರಯೋಗದಲ್ಲಿ ಇದ್ದದ್ದು ಆಯ್ದ 50 ಪಿನ್‌ಗಳು. ನಾಲ್ಕಂಕಿಯಲ್ಲಿ ಸಾಧ್ಯವಿರುವವು 10,000. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2014ರ ‘ಜೈರೊಫೋನ್’ ಕೆಲಸದಲ್ಲಿ ಮಾತಿನ ಕಂಪನವನ್ನು ಜೈರೋಸ್ಕೋಪ್ ಹಿಡಿಯುತ್ತದೆ ಎಂದು ಸಾಧಿಸಿದ್ದು ನಿಜ. ಆದರೆ ಅದು ಗುರುತಿಸಲು ಯತ್ನಿಸಿದ್ದು ಅಂಕಿಗಳಂಥ ಕೆಲವೇ ಪದಗಳನ್ನು, ಸಂಸಾರದ ಮಾತುಕತೆಯನ್ನಲ್ಲ. ಈ ಮಿತಿಗಳನ್ನು ನಾವೇ ಹೇಳಿಬಿಡಬೇಕು. ಸಭೆಯಲ್ಲಿ ತಿಳಿದವರೊಬ್ಬರು ಎದ್ದು ಹೇಳುವಂತಾದರೆ ಆಗುಂಬೆಯನ್ನೂ ಯಾರೂ ನಂಬುವುದಿಲ್ಲ.

ಕೇಂಬ್ರಿಜ್‌ನವರ ಒಂದು ಕೆಲಸವನ್ನು ಮಾತ್ರ ಮಿತಿಯ ಮಾತಿಲ್ಲದೆ ಹೇಳುತ್ತೇನೆ. ಕಾರ್ಖಾನೆಯಲ್ಲಿ ಪ್ರತಿ ಐಫೋನಿನ ಸೆನ್ಸರ್‌ಗಳನ್ನು ತಿದ್ದಿ ಹೊಂದಿಸುತ್ತಾರಲ್ಲ, ಆ ತಿದ್ದುಪಡಿಯ ಅಂಕಿಗಳೇ ಆ ಫೋನಿನ ಬೆರಳಚ್ಚು ಎಂದು ಅವರು ಕಂಡುಕೊಂಡರು. ಕುಕೀ ಅಳಿಸಿದರೂ, ಫೋನನ್ನು ರೀಸೆಟ್ ಮಾಡಿದರೂ ಅದು ಬದಲಾಗುವುದಿಲ್ಲ. ಆ್ಯಪಲ್ 2019ರಲ್ಲಿ ಐಒಎಸ್ 12.2ರಲ್ಲಿ ಅದನ್ನು ಸರಿಪಡಿಸಿತು. ತಯಾರಕರು ಮನಸ್ಸು ಮಾಡಿದರೆ ಮುಚ್ಚಬಹುದಾದ ಕಿಂಡಿಗಳಿವು ಎಂಬುದಕ್ಕೆ ಇದು ಸಾಕ್ಷಿ.

7. ನಿಜವಾದ ಹಾನಿ ಎಲ್ಲಿ ಆಗಿದೆಯೋ ಅಲ್ಲಿಗೆ ಕರೆದೊಯ್ಯಿರಿ

ಸೆನ್ಸರ್ ಆಟ ಜನರ ಕಣ್ಣು ತೆರೆಸುತ್ತದೆ, ಆದರೆ ನಮ್ಮಲ್ಲಿ ಮನೆ ಹಾಳು ಮಾಡಿದ್ದು ಜೈರೋಸ್ಕೋಪ್ ಅಲ್ಲ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ ಎತ್ತಿಕೊಂಡು, ಕಂತು ತಪ್ಪಿದ ದಿನವೇ ಬೀಗರಿಗೂ ಆಫೀಸಿನ ಮೇಲಧಿಕಾರಿಗೂ ಫೋನು ಮಾಡಿ ಮಾನ ಕಳೆದವು. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ನಿಯಮ ತಂದು, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಾಗ್, ಫೈಲು-ಫೋಟೊಗಳನ್ನು ಮುಟ್ಟಬಾರದು ಎಂದಿತು. ಕ್ಯಾಮೆರಾ, ಮೈಕ್, ಲೊಕೇಶನ್ ಏನಿದ್ದರೂ ಖಾತೆ ತೆರೆಯುವಾಗ, ಒಪ್ಪಿಗೆ ಪಡೆದು, ಒಂದು ಸಲ. ಸ್ವಸಹಾಯ ಸಂಘಗಳ ಸಭೆಯಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ಸಮಯ ಕೊಡುವುದು ಇದಕ್ಕೇ. ಅಲ್ಲಿ ಪ್ರೊಜೆಕ್ಟರ್ ಆರಿಸಿ ಒಬ್ಬೊಬ್ಬರ ಫೋನಿನ ಪರ್ಮಿಷನ್ ಪಟ್ಟಿ ತೆಗೆಸಿ ಓದಿಸುವುದೇ ಕಾರ್ಯಕ್ರಮ.

ಹೊರದೇಶಗಳ ಕತೆಗಳಲ್ಲಿ ಮೂರನ್ನು ಇಟ್ಟುಕೊಂಡಿದ್ದೇನೆ. ಓಟಗಾರರ ಆ್ಯಪ್ ಸ್ಟ್ರಾವಾ ತನ್ನ ಬಳಕೆದಾರರ ಓಟದ ಗೆರೆಗಳನ್ನೆಲ್ಲ ಕೂಡಿಸಿ ಒಂದು ವಿಶ್ವ ನಕ್ಷೆ ಪ್ರಕಟಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಅದರಲ್ಲಿ ಸೇನಾ ನೆಲೆಗಳು ಎದ್ದು ಕಾಣುವುದನ್ನು ತೋರಿಸಿದ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೈಗೆ ಸಿಕ್ಕ ಒಂದೇ ಕಡತದಲ್ಲಿ 1.2 ಕೋಟಿ ಫೋನುಗಳ 5,000 ಕೋಟಿ ಲೊಕೇಶನ್ ಗುರುತುಗಳಿದ್ದವು, ಅದೂ ಸರ್ಕಾರದ್ದಲ್ಲ, ಲೊಕೇಶನ್ ವ್ಯಾಪಾರದ ಕಂಪನಿಯೊಂದರದ್ದು. ಮೂರನೆಯದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ವಿಮಾ ಕಂಪನಿ ಆಲ್‌ಸ್ಟೇಟ್ ಮತ್ತು ಅದರ ಅಂಗಸಂಸ್ಥೆ ಅರಿಟಿ, ಬೇರೆಯವರ ಆ್ಯಪ್‌ಗಳೊಳಗೆ ತಮ್ಮ ಕೋಡ್ ಸೇರಿಸಿ ಜನರ ವಾಹನ ಚಾಲನೆಯ ಅಂಕಿಗಳನ್ನು ಅವರಿಗೆ ಗೊತ್ತಿಲ್ಲದೆ ಎತ್ತಿದವು ಎಂದು ಟೆಕ್ಸಾಸ್ ರಾಜ್ಯ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಬ್ರೇಕು, ವೇಗ, ಫೋನಿನ ಅಲುಗಾಟ. ನಮ್ಮ ಪರದೆಯ ಮೇಲಿನ ಗೆರೆಗಳೇ.

ಸರ್ಕಾರವೂ ಈ ಪಟ್ಟಿಯಲ್ಲಿ ಬರಲಿ. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯ, ಹೋಂ ಕ್ವಾರಂಟೈನ್‌ನಲ್ಲಿದ್ದವರು ಗಂಟೆಗೊಂದು ಸೆಲ್ಫಿಯನ್ನು ಲೊಕೇಶನ್ ಸಮೇತ ಕಳಿಸಬೇಕು ಎಂದಿತ್ತು, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ವಿನಾಯಿತಿ. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಸಭೆಗೇ ಬಿಡುತ್ತೇನೆ, ಅದು ಬೇಗ ಮುಗಿಯುವುದಿಲ್ಲ.

8. ಹೆಸರು ಅಳಿಸಿದರೆ ಸಾಲದು

‘ನಾವು ಹೆಸರು, ನಂಬರ್ ಇಟ್ಟುಕೊಳ್ಳುವುದಿಲ್ಲ’ ಎಂಬ ಕಂಪನಿಗಳ ಮಾತಿಗೆ ಉತ್ತರ 2013ರಲ್ಲೇ ಸಿಕ್ಕಿದೆ. ಈವ್-ಅಲೆಕ್ಸಾಂಡ್ರ್ ದ ಮೊಂಜ್ವಾ ಮತ್ತು ಜೊತೆಗಾರರು 15 ಲಕ್ಷ ಜನರ 15 ತಿಂಗಳ ಮೊಬೈಲ್ ದಾಖಲೆ ಪರಿಶೀಲಿಸಿ, ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕು ಗುರುತು ಸಿಕ್ಕರೆ ಶೇ. 95 ಜನರನ್ನು ಉಳಿದವರಿಂದ ಬೇರ್ಪಡಿಸಬಹುದು ಎಂದು ತೋರಿಸಿದರು. ನಿಮ್ಮ ಹಳ್ಳಿಯ ಲೆಕ್ಕದಲ್ಲಿ ಯೋಚಿಸಿ: ರಾತ್ರಿ ಈ ಬೀದಿ, ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಊರಿನ ಹೈಸ್ಕೂಲು, ಸೋಮವಾರ ಸಂಜೆ ಹೋಬಳಿಯ ಸಂತೆ. ಅಂಥವರು ಎಷ್ಟು ಜನ ಇದ್ದಾರು?

9. ಮೊದಲ ಡೇಟಾ ಸಂಗ್ರಾಹಕರು ನಾವೇ

ಪ್ರಾತ್ಯಕ್ಷಿಕೆ ಮಾಡುವವನ ಲ್ಯಾಪ್‌ಟಾಪಿನಲ್ಲಿ ಬೇರೆಯವರ ಅಂಕಿಗಳು ಸೇರಿಕೊಳ್ಳುವುದು ಬಲು ಸುಲಭ. ನನ್ನ ನಿಯಮಗಳು ನೇರ. ಮನೆಯ, ಪ್ರಯಾಣದ ದಾಖಲೆ ನನ್ನದೇ. ಸಭೆಯಲ್ಲಿ ಯಾರ ಫೋನಿನಲ್ಲಾದರೂ ರೆಕಾರ್ಡ್ ಮಾಡಿದರೆ ಫೋನು ಅವರ ಕೈಯಲ್ಲೇ, ಫೈಲು ಅವರ ಕಣ್ಣೆದುರೇ ಡಿಲೀಟ್. ಏನು ತೆಗೆದುಕೊಳ್ಳುತ್ತೇವೆ, ಎಷ್ಟು ಹೊತ್ತು, ಯಾಕೆ ಎಂಬುದು ಅರ್ಧ ಪುಟದಲ್ಲಿ, ಕನ್ನಡದಲ್ಲಿ, ಸಹಿಗೆ ಮೊದಲು ಓದಿ ಹೇಳಿ. ಹದಿನೆಂಟು ತುಂಬದ ಮಕ್ಕಳ ಫೋನು ಮುಟ್ಟುವುದೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಅವರ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಕೇಳುತ್ತದೆ, ಅವರ ಚಲನವಲನ ಹಿಂಬಾಲಿಸುವುದನ್ನೂ ನಿರ್ಬಂಧಿಸುತ್ತದೆ.

ಕಾನೂನಿನ ಮಾತು ಬಂದಾಗ ಒಂದು ಹೆಸರು ತಪ್ಪದೆ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರೇ ಎಂದು ಗೊತ್ತಾದಾಗ ಸಭೆ ಇನ್ನಷ್ಟು ಗಮನ ಕೊಟ್ಟು ಕೇಳುತ್ತದೆ.

10. ‘ಇದನ್ನ ಅವಳ ಫೋನಿಗೆ ಹಾಕಿಕೊಡ್ತೀರಾ?’

ಈ ಪ್ರಶ್ನೆ ಬಂದೇ ಬರುತ್ತದೆ, ಸಿದ್ಧರಾಗಿರಿ. ಕಾರ್ಯಕ್ರಮ ಮುಗಿದು ಎಲ್ಲರೂ ಹೊರಟ ಮೇಲೆ, ವಯಸ್ಸಾದವರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು:

‘ಸರ್, ಮಗಳು ಹಾಸ್ಟೆಲಲ್ಲಿದಾಳೆ. ಅವಳಿಗೆ ಗೊತ್ತಾಗದ ಹಾಗೆ ಇದನ್ನ ಅವಳ ಫೋನಿಗೆ ಹಾಕಿಕೊಡ್ತೀರಾ?’

‘ಗೊತ್ತಾಗೋ ಹಾಗೇ ಹಾಕಿ ಯಜಮಾನ್ರೇ. ಕೇಳಿ ಹಾಕಿ.’

‘ಕೇಳಿದ್ರೆ ಬೇಡ ಅಂತಾಳೆ.’

‘ಹಾಗಾದ್ರೆ ಬೇಡ.’

ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಒಂದೂವರೆ ಗಂಟೆ ಕಂಪನಿಗಳನ್ನು ಬೈದು ತಲೆಯಾಡಿಸಿದವರು ಕೊನೆಗೆ ಕೇಳಿದ್ದು ಅದೇ ಸಲಕರಣೆಯನ್ನು. ಗಂಡನ ಫೋನಿಗೆ, ಹೆಂಡತಿಯ ಫೋನಿಗೆ, ಅಂಗಡಿಯ ಹುಡುಗನ ಫೋನಿಗೆ, ಹೀಗೆ ಬೇರೆ ಬೇರೆ ರೂಪದಲ್ಲಿ ಇದು ಬರುತ್ತಲೇ ಇರುತ್ತದೆ. ಆಮೇಲಿಂದ ನಾನು ಆ್ಯಪ್‌ಗಳ ತಾಂತ್ರಿಕ ಹೊಂದಿಕೆಗಳನ್ನು ವೇದಿಕೆಯ ಮೇಲೆ ಹಂತ ಹಂತವಾಗಿ ತೋರಿಸುವುದನ್ನು ನಿಲ್ಲಿಸಿದ್ದೇನೆ. ತಿಳಿಯಬೇಕೆನ್ನುವ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದಲ್ಲಿ ಹೇಳಿಕೊಡುತ್ತೇನೆ, ಅಲ್ಲಿ ಹಾಜರಿ ಪುಸ್ತಕ ಇರುತ್ತದೆ.

11. ಹೆದರಿಸಿ ಕಳಿಸಬೇಡಿ, ಸ್ವಿಚ್ ತೋರಿಸಿ ಕಳಿಸಿ

ಇದೇ ಆಕ್ಸಿಲರೋಮೀಟರ್‌ಗಳನ್ನು ಬಳಸಿ ಗೂಗಲ್ ಭೂಕಂಪದ ಎಚ್ಚರಿಕೆ ಕೊಡುತ್ತದೆ; ಲಕ್ಷಾಂತರ ಫೋನುಗಳು ಒಂದೇ ಹೊತ್ತಿಗೆ ಅಲುಗಿದ್ದನ್ನು ಕೂಡಿಸಿ ನೋಡುವ ಆ ವ್ಯವಸ್ಥೆ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಸೆನ್ಸರ್ ಕೆಟ್ಟದ್ದಲ್ಲ ಎಂದು ಹೇಳಲು ಈ ಒಂದು ಉದಾಹರಣೆ ಸಾಕು.

ಸಭೆ ಮುಗಿಯುವ ಮೊದಲು ಮೂರು ಕೆಲಸ ಕೈಯಾರೆ ಮಾಡಿಸುತ್ತೇನೆ. ಬಳಸದ ಆ್ಯಪ್‌ಗಳನ್ನು ತೆಗೆಯುವುದು. ಲೊಕೇಶನ್ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂಬುದಕ್ಕೆ ಇಳಿಸಿ, ಹವಾಮಾನದಂಥ ಆ್ಯಪ್‌ಗಳಿಗೆ ಅಂದಾಜು ಲೊಕೇಶನ್ ಮಾತ್ರ ಕೊಡುವುದು. ಆಂಡ್ರಾಯ್ಡ್ 12ರಿಂದ ಆ ಆಯ್ಕೆ ಇದೆ. ಕಾಂಟ್ಯಾಕ್ಟ್ ಅನುಮತಿ ಯಾರ್‍ಯಾರಿಗೆ ಕೊಟ್ಟಿದ್ದೇವೆ ಎಂದು ನೋಡಿ, ಕಾರಣ ಹೊಳೆಯದ ಕಡೆ ಕಿತ್ತುಹಾಕುವುದು.

ಅನುಮತಿ ಕೇಳದ ಸೆನ್ಸರ್‌ಗಳಿಗೆ ಏನು ಮಾಡೋಣ ಎಂದು ಕೇಳುತ್ತಾರೆ. ಆಂಡ್ರಾಯ್ಡ್ 10ರಿಂದ ‘ಸೆನ್ಸರ್ಸ್ ಆಫ್’ ಎಂಬ ಒಂದು ಸ್ವಿಚ್ ಇದೆ. ಅದು ಸಿಗಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಹುಡುಕಿ ಅದರ ಮೇಲೆ ಏಳು ಸಲ ಒತ್ತಬೇಕು, ಆಗ ತೆರೆಯುವ ಡೆವಲಪರ್ ಆಪ್ಷನ್ಸ್‌ನ ಒಳಗೆ ಅದು ಅಡಗಿ ಕೂತಿದೆ. ಒತ್ತಿದರೆ ಎಲ್ಲ ಆ್ಯಪ್‌ಗಳಿಗೂ ಎಲ್ಲ ಸೆನ್ಸರ್‌ಗಳೂ ಬಂದ್, ಕ್ಯಾಮೆರಾ ಸಮೇತ. ಆ್ಯಪ್ ಆ್ಯಪಿಗೆ ಬೇರೆ ಬೇರೆಯಾಗಿ ಸೆನ್ಸರ್ ಅನುಮತಿ ಕೊಡುವ, ಕಸಿಯುವ ವ್ಯವಸ್ಥೆ ಗ್ರಾಫೀನ್‌ಓಎಸ್ ಎಂಬ ಆಂಡ್ರಾಯ್ಡ್ ಆವೃತ್ತಿಯಲ್ಲಿ ಈಗಾಗಲೇ ಇದೆ. ಅಂದರೆ ತಾಂತ್ರಿಕ ಅಡ್ಡಿ ಏನೂ ಇಲ್ಲ. ಅಂಗಡಿಯಲ್ಲಿ ಕೊಳ್ಳುವ ಮಾಮೂಲಿ ಫೋನಿನಲ್ಲಿ ಮಾತ್ರ ಅದು ಇನ್ನೂ ಬಂದಿಲ್ಲ.